ಬಲೆ ಕಾಯಲು ಕೂತ ಜೇಡ

“ಗುರುಗಳೇ, ಕಳ್ಳರು ತೊಲಗುವ ತನಕ ನಾನು ಕೆಲಸ ಮುಟ್ಟುವುದಿಲ್ಲ ಎಂದರೆ ಅದು ತಪ್ಪೇ?” ಎಂದು ರೇವಯ್ಯ ಕೇಳಿದ.

ಕೇಳಿದ ಎನ್ನುವುದಕ್ಕಿಂತ ಗುಡುಗಿದ ಎನ್ನಬೇಕು. ಮಠದಲ್ಲಿ ಸುಟ್ಟಗಾಯಕ್ಕೆ ಹಚ್ಚುವ ಎಣ್ಣೆ ಕಾಯಿಸುವವನು ಅವನೊಬ್ಬನೇ. ಸೊಪ್ಪು ತರುವವನೂ ಅವನೇ, ಅರೆಯುವವನೂ ಅವನೇ. ಕಿರಿಯ ಶಿಷ್ಯರಿಬ್ಬರು ಆ ಎಣ್ಣೆಯನ್ನು ಬಟ್ಟಲು ಬಟ್ಟಲಾಗಿ ಕದ್ದು, ಸುತ್ತಿನ ಹಳ್ಳಿಗಳಲ್ಲಿ ತಾವೇ ಕಾಯಿಸಿದ್ದೆಂದು ಹಚ್ಚುತ್ತಿದ್ದರು. ಗಾಯ ಮಾಯುತ್ತಿತ್ತು. ಜನ ಅವರ ಕೈಗುಣ ಹೊಗಳುತ್ತಿದ್ದರು. ಇದು ತಿಳಿದ ದಿನವೇ ರೇವಯ್ಯ ಒಲೆ ಆರಿಸಿದ. ಎಂಟು ದಿನದಿಂದ ಕೋಲು ಹಿಡಿದು ಉಗ್ರಾಣದ ಬಾಗಿಲಲ್ಲಿ ಕೂತಿದ್ದ. ಎಣ್ಣೆ ಕೇಳಿ ಬಂದವರು ಗಾಯ ಹೊತ್ತುಕೊಂಡೇ ಹಿಂದಿರುಗುತ್ತಿದ್ದರು.

“ಅವರನ್ನು ಮಠದಿಂದ ಓಡಿಸಿ. ಇಲ್ಲವಾದರೆ ಈ ಜನ್ಮದಲ್ಲಿ ಒಲೆ ಹಚ್ಚುವುದಿಲ್ಲ. ಆಣೆ!”

“ಅವರ ಕಿವಿ ನಾನು ಹಿಂಡುತ್ತೇನೆ,” ಎಂದರು ಗುರುಗಳು. “ಕಿವಿ ಹಿಂಡುವುದರಲ್ಲಿ ಈ ಸೀಮೆಯಲ್ಲಿ ನನಗೆ ಸರಿಸಾಟಿ ಇಲ್ಲ. ಆದರೆ ನೀನು ಕೇಳಿದ್ದು ನಿನ್ನ ಆಣೆಯ ವಿಷಯ. ಅದಕ್ಕೊಂದು ಕತೆ ಇದೆ. ಜೇಡಗಳ ಬಾಯಿಂದಲೇ ಕೇಳಿದ್ದು. ಅವುಗಳ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ಎಂಟು ಕಾಲಿಲ್ಲದ ಕಾರಣ ಉಚ್ಚಾರ ಮಾತ್ರ ತುಸು ತೊಡಕು.”

ರೇವಯ್ಯ ನಗಲಿಲ್ಲ. ಗುರುಗಳು ಹೇಳತೊಡಗಿದರು.

ಎರಡು ಕಳ್ಳಿಗಿಡಗಳ ನಡುವೆ ಒಂದು ದೊಡ್ಡ ಜೇಡ ಬಲೆ ಕಟ್ಟಿತ್ತು. ಎಂಥ ಬಲೆ ಎಂದರೆ, ಒಮ್ಮೆ ನಾನೇ ಅದರಲ್ಲಿ ಸಿಕ್ಕಿಕೊಂಡು ಎರಡು ದಿನ ಅಲ್ಲಾಡದೆ ಕೂತಿದ್ದೆ. ಜನ ಅದನ್ನು ಸಮಾಧಿ ಎಂದರು. ನಾನೂ ತಿದ್ದಲು ಹೋಗಲಿಲ್ಲ.

ಜೇಡ ದಿನಾ ಬೆಳಗಿನ ಜಾವ ಹಳೆಯ ಎಳೆಗಳನ್ನು ತಿಂದು ಹೊಸ ಎಳೆ ನೇಯುತ್ತಿತ್ತು. ಆಮೇಲೆ ನಡುವೆ ಕೂತು ಕಾಯುತ್ತಿತ್ತು. ಅದರ ಬದುಕು ಇಷ್ಟೇ.

ಆ ಬಲೆಗೆ ಕಳ್ಳಜೇಡಗಳು ಬಂದು ಸೇರಿದವು. ಎಳ್ಳುಕಾಳಿನಷ್ಟೇ ಗಾತ್ರ. ಬೆನ್ನಿಗೆ ಬೆಳ್ಳಿಯ ಹೊಳಪು. ಅವು ಬೇಟೆಗೆಂದು ಬಲೆ ಕಟ್ಟುವ ಪೈಕಿಯಲ್ಲ. ದೊಡ್ಡ ಬಲೆಗೆ ತಮ್ಮದೊಂದು ಎಳೆ ಕಟ್ಟಿ, ಅದರ ಮೇಲೆ ಕಾಲಿಟ್ಟು ಕೂರುತ್ತವೆ. ಎಳೆ ನಡುಗಿದರೆ ಊಟ ಬಂತೆಂದು ಲೆಕ್ಕ. ಸೊಳ್ಳೆ, ನುಸಿ ಬಿದ್ದರೆ ದೊಡ್ಡ ಜೇಡ ಮೇಲೇಳುತ್ತಿರಲಿಲ್ಲ. ಅವನ್ನೆಲ್ಲ ಇವು ತಿಂದವು. ಅದಕ್ಕೆ ತಿಳಿಯಲೇ ಇಲ್ಲ.

ಒಂದು ದಿನ ಮಿಡತೆ ಬಿತ್ತು. ದೊಡ್ಡ ಜೇಡ ಅದನ್ನು ಸುತ್ತಿ ಕಟ್ಟಿಟ್ಟು, ಹರಿದ ಎಳೆ ಸರಿಮಾಡಲು ಹೋಯಿತು. ತಿರುಗಿ ಬಂದಾಗ ಒಂದು ಕಳ್ಳಜೇಡ ಮಿಡತೆಯ ಮೇಲೆ ಕೂತು ಹೀರುತ್ತಿತ್ತು.

“ಯಾರೋ ಅದು? ಎಂಟೂ ಕಾಲು ಮುರಿದುಬಿಡುತ್ತೇನೆ!”

“ಸಿಟ್ಟಾಗಬೇಡ ದೊಡ್ಡಮ್ಮಾ. ನಿನ್ನ ಬಾಯಿಗೆ ಸಾಲದ್ದನ್ನು ಮಾತ್ರ ನಾವು ಮುಟ್ಟುವುದು.”

“ಈ ಮಿಡತೆ ನನ್ನ ಬಾಯಿಗೆ ಸಾಲದೇನೋ?”

“ಇದಾ? ಕೆಟ್ಟಿದೆಯೋ ಏನೋ ಎಂದು ರುಚಿ ನೋಡುತ್ತಿದ್ದೆ.”

ದೊಡ್ಡ ಜೇಡದ ಮೈ ಉರಿಯಿತು. ಅದು ನುಗ್ಗಿತು. ಕಳ್ಳ ಒಂದು ಎಳೆ ಹಿಡಿದು ಕೆಳಗೆ ಜಾರಿ ತೂಗಾಡಿತು. ಅಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಕಳ್ಳ. ಅತ್ತ ನುಗ್ಗಿತು. ಮತ್ತೊಂದು ಮೂಲೆ. ಇತ್ತ ನುಗ್ಗಿತು. ನುಗ್ಗಿದಲ್ಲೆಲ್ಲ ಬಲೆ ಹರಿಯಿತು.

ಮರುದಿನ ಬೆಳಗಿನ ಜಾವ ಅದು ನೇಯಲಿಲ್ಲ. ಮೊದಲು ಕಳ್ಳರು ತೊಲಗಲಿ, ನೇಯ್ಗೆ ಆಮೇಲೆ ಎಂದಿತು. ಹಗಲೆಲ್ಲ ಬಲೆಯನ್ನು ಕುಲುಕುತ್ತ ಕಾವಲು ಕಾಯಿತು. ಕುಲುಕುವ ಬಲೆಯನ್ನು ಕಂಡು ನೊಣಗಳು ದೂರದಿಂದಲೇ ತಿರುಗಿ ಹೋದವು. ಕೆಲವು ನೊಣಗಳು ತೂತುಗಳಲ್ಲೇ ತೂರಿಕೊಂಡು ಹೋದವು. ಅದರ ಕಣ್ಣು ನೊಣಗಳ ಮೇಲಿರಲಿಲ್ಲ.

ಹೀಗೆ ಐದು ದಿನ ಕಳೆಯಿತು. ತಿನ್ನಲು ಏನೂ ಬೀಳದಾದಾಗ ಕಳ್ಳಜೇಡಗಳು ಬಲೆಯ ಎಳೆಗಳನ್ನೇ ತಿಂದವು. ತಿಂದು ಮುಗಿಸಿ ಹೊರಟುಹೋದವು.

“ಗೆದ್ದೆ!” ಎಂದು ದೊಡ್ಡ ಜೇಡ ಕೂಗಿತು. ಆಗ ಅದು ನಾಲ್ಕು ಎಳೆಗಳ ಮೇಲೆ ನಿಂತಿತ್ತು.

ಆಮೇಲೆ ನೇಯಲು ಕೂತಿತು. ನೂಲು ಬರಲಿಲ್ಲ. ನೂಲು ಬರುವುದು ಹೊಟ್ಟೆಯಿಂದ. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಹಸಿವು ತಡೆಯದೆ ಅದು ಆಚೆಯ ಕಳ್ಳಿಗಿಡಕ್ಕೆ ತೆವಳಿತು. ಅಲ್ಲಿ ಬೇರೊಂದು ಜೇಡದ ಬಲೆ. ಇಂದು ನೇಯ್ದದ್ದು, ಗಟ್ಟಿ ಬಲೆ. ಅಂಚಿನಲ್ಲಿ ಒಂದು ನುಸಿ ಬಿದ್ದಿತ್ತು. ತಾನು ಹಿಂದೆ ಮೇಲೆದ್ದು ಸಹ ನೋಡದಿದ್ದಂಥ ನುಸಿ. ದೊಡ್ಡ ಜೇಡ ಉಸಿರು ಬಿಗಿಹಿಡಿದು, ಎಂಟೂ ಕಾಲುಗಳನ್ನು ಒಂದೊಂದಾಗಿ ಇಡುತ್ತ, ಎಳೆ ನಡುಗದಂತೆ ಅದರ ಕಡೆಗೆ ಸರಿಯಿತು.

ಮೂಲೆಯಿಂದ ಬೆಳ್ಳಿಬೆನ್ನಿನದೊಂದು ಇಣುಕಿತು.

“ಬಾ ದೊಡ್ಡಮ್ಮಾ, ಇಲ್ಲಿ ಜಾಗ ಇದೆ. ಕಾಲು ಸ್ವಲ್ಪ ಮೆಲ್ಲಗಿಡು. ಈ ಮನೆಯಾಕೆಗೆ ಸಿಟ್ಟು ಬಹಳ.”

ಗುರುಗಳು ನಿಲ್ಲಿಸಿದರು.

ರೇವಯ್ಯ ಕೋಲನ್ನು ನೆಲಕ್ಕೆ ಕುಟ್ಟಿದ. “ಥೂ! ಬಲೆ ಕಟ್ಟಬಲ್ಲ ಜೀವ ಇನ್ನೊಬ್ಬರ ಬಲೆಗೆ ಬಾಯಿ ಹಾಕುವುದೇ? ನಾಚಿಕೆಯಾಗಲಿಲ್ಲವೇ ಅದಕ್ಕೆ?”

“ಆಗಿದ್ದಿರಬೇಕು, ನನಗದು ಹೇಳಲಿಲ್ಲ,” ಎಂದರು ಗುರುಗಳು. “ಅದಿರಲಿ ರೇವಯ್ಯ, ಈ ಎಂಟು ದಿನವೂ ನೀನು ಕೂತಲ್ಲಿಗೇ ಊಟ ಬಂತಲ್ಲ, ಅದು ಯಾರ ದುಡಿಮೆ?”

ರೇವಯ್ಯ ಕೋಲನ್ನು ಕೆಳಗಿಟ್ಟ.