ತುಂಗಜ್ಜಿ ಹೊಳೆ ದಾಟಿದ್ದು

ಮಕ್ಕಳೇ, ಬಿಳಿಗಲ್ಲು ಕಾಡಿನ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಹೊಳೆಯ ಆಚೆ ದಡದಲ್ಲಿ ದೊಡ್ಡದೊಂದು ಗೋಣಿಮರ. ಈಚೆ ದಡದಿಂದ ಸ್ವಲ್ಪ ಒಳಗೆ ಹಳೆಯ ತಾರೆಮರ. ಆ ತಾರೆಮರದಲ್ಲಿ ತುಂಗಜ್ಜಿ, ವರದಜ್ಜ ಎಂಬ ಮಂಗಟ್ಟೆ ಹಕ್ಕಿಗಳ ಸಂಸಾರವಿತ್ತು.

ಮಂಗಟ್ಟೆ ಹಕ್ಕಿಯನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಬಾಳೆಹಣ್ಣಿನಂಥ ಹಳದಿ ಕೊಕ್ಕು, ಅದರ ಮೇಲೆ ಟೋಪಿ ಇಟ್ಟ ಹಾಗೆ ಒಂದು ಕೊಂಬು. ಈ ಹಕ್ಕಿಗಳಲ್ಲಿ ಒಂದು ಪದ್ಧತಿಯಿದೆ. ಮೊಟ್ಟೆ ಇಡುವ ಕಾಲ ಬಂದರೆ ಹೆಂಡತಿ ಮರದ ಪೊಟರೆಯೊಳಗೆ ಹೋಗಿ ಕೂರುತ್ತಾಳೆ. ಬಾಗಿಲಿಗೆ ಮಣ್ಣು ಮೆತ್ತಿ, ಕೊಕ್ಕು ತೂರುವಷ್ಟು ಸಂದಿ ಮಾತ್ರ ಬಿಟ್ಟುಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅವಳ ಊಟವೆಲ್ಲ ಗಂಡನ ಜವಾಬ್ದಾರಿ. ಅವನು ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದು, ಒಂದೊಂದಾಗಿ ಹೊರಗೆ ತೆಗೆದು, ಸಂದಿಯಲ್ಲಿ ತಿನ್ನಿಸಬೇಕು.

ವರದಜ್ಜ ಎಷ್ಟೋ ವರ್ಷ ಹಾಗೆ ತಿನ್ನಿಸಿದ. ಜಡಿಮಳೆಯಲ್ಲೂ ತಪ್ಪಿಸಲಿಲ್ಲ, ರೆಕ್ಕೆ ನೋಯುತ್ತಿದ್ದ ದಿನವೂ ತಪ್ಪಿಸಲಿಲ್ಲ. ಆಮೇಲೆ ತುಂಗಜ್ಜಿಗೆ ಮೊಟ್ಟೆ ಇಡುವ ವಯಸ್ಸು ಮುಗಿಯಿತು. ಮಕ್ಕಳು ಅಕ್ಕಪಕ್ಕದ ಮರಗಳಲ್ಲೇ ಸಂಸಾರ ಹೂಡಿದರು. ಮೊಮ್ಮಕ್ಕಳ ಗಲಾಟೆಯೂ ಶುರುವಾಯಿತು. ಆದರೆ ವರದಜ್ಜನ ಅಭ್ಯಾಸ ಮಾತ್ರ ಮುಗಿಯಲಿಲ್ಲ.

"ಬಾಯಿ ತೆಗಿ ತುಂಗಾ."

"ಅಯ್ಯೋ, ಈಗ ತಾನೇ ತಿಂದೆನಲ್ರೀ!"

"ಇದೊಂದು ಕಣೇ. ಬಸರಿ ಹಣ್ಣು. ಎಳೆಬಿಸಿಲಿಗೆ ಬೆಚ್ಚಗಾಗಿದೆ ನೋಡು."

ಅಷ್ಟು ಪ್ರೀತಿಯಿಂದ ಕೊಟ್ಟರೆ ಯಾರು ತಾನೇ ಬೇಡ ಅನ್ನುತ್ತಾರೆ? ತುಂಗಜ್ಜಿ ಬಾಯಿ ತೆರೆಯುತ್ತಿದ್ದಳು. ಕೂತಲ್ಲೇ ಹಣ್ಣು ಬಂತು, ಹಣ್ಣಿನ ಹಿಂದೆ ಹೊಟ್ಟೆಯೂ ಬಂತು. ಅವಳು ಕೂರುವ ಕೊಂಬೆ ವರ್ಷದಿಂದ ವರ್ಷಕ್ಕೆ ಬಾಗುತ್ತ ಹೋಯಿತು. ನೀವು ನಗಬಹುದು. ನಾನು ನಗುವುದಿಲ್ಲ. ನನಗೂ ವಯಸ್ಸಾಗಿದೆ, ಈ ಕತೆ ಬರೆಯುವಾಗ ಮೇಜಿಗೂ ನನಗೂ ನಡುವೆ ನನ್ನ ಹೊಟ್ಟೆಯೇ ಇದೆ.

ಒಂದು ಬೇಸಿಗೆಯ ಬೆಳಿಗ್ಗೆ ಹಸಿರು ಪಾರಿವಾಳವೊಂದು ಆಚೆ ದಡದಿಂದ ಬಂದು ಕೂತಿತು.

"ತುಂಗಜ್ಜಿ, ಗೋಣಿಮರದ ಭದ್ರಜ್ಜಿ ನಿಮ್ಮನ್ನು ಕೇಳ್ತಿದ್ರು. ಕಣ್ಣು ಪೂರ್ತಿ ಮಂಜಾಗಿದೆ, ಇನ್ನು ಅವರು ಹೊಳೆ ದಾಟೋ ಹಾಗಿಲ್ಲ. ಮರದ ತುಂಬ ಹಣ್ಣಾಗಿದೆ, ತುಂಗಿ ಒಂದು ಸಲ ಬಂದು ಹೋಗಲಿ ಅಂದ್ರು."

ಭದ್ರಜ್ಜಿ ಅಂದರೆ ತುಂಗಜ್ಜಿಯ ಒಡಹುಟ್ಟಿದ ಅಕ್ಕ. ಇಬ್ಬರೂ ಹುಟ್ಟಿದ್ದು ಆ ಗೋಣಿಮರದಲ್ಲೇ. ಚಿಕ್ಕವರಿದ್ದಾಗ ಅವರಿಗೆ ಹೊಳೆ ದಾಟುವುದೇ ಒಂದು ಆಟವಾಗಿತ್ತು. ಬಿಸಿಲೇರುವುದರೊಳಗೆ ನಾಲ್ಕು ಸಲ ಹೋಗಿ ನಾಲ್ಕು ಸಲ ಬರುತ್ತಿದ್ದರು. ಅಕ್ಕ ಯಾವಾಗಲೂ ಮುಂದೆ, ತಂಗಿ ಹಿಂದೆ. ನಡುಹೊಳೆಯಲ್ಲಿ ಅಕ್ಕ ಬೇಕೆಂದೇ ನಿಧಾನ ಮಾಡಿ, ತಂಗಿ ಮುಂದೆ ಹೋಗಲಿ ಎಂದು ಬಿಡುತ್ತಿದ್ದಳು. ಗೆದ್ದೆ ಎಂದು ತಂಗಿ ಕುಣಿಯುತ್ತಿದ್ದಳು. ಅಕ್ಕ ಬೇಕೆಂದೇ ಸೋಲುತ್ತಿದ್ದಳು ಎಂದು ತುಂಗಜ್ಜಿಗೆ ಗೊತ್ತಾದದ್ದು ತಾನೂ ತಾಯಿಯಾದ ಮೇಲೆ. ಈಗ ಅಕ್ಕನನ್ನು ನೋಡದೆ ಮೂರು ವರ್ಷವಾಗಿತ್ತು. 'ನಾಳೆ ಬರ್ತೀನಿ' ಎಂದು ಹೇಳಿ ಕಳಿಸಿ ಕಳಿಸಿ ಅವಳಿಗೇ ನಾಚಿಕೆಯಾಗಿತ್ತು.

"ಇವತ್ತೇ ಹೊರಟೆ," ಎಂದು ತುಂಗಜ್ಜಿ ಹಾರಿದಳು.

ಹೊಳೆಯ ಅರ್ಧಕ್ಕೆ ಹೋಗುವಷ್ಟರಲ್ಲಿ ಏದುಸಿರು ಬಂತು. ರೆಕ್ಕೆ ಸೋತಿತು. ನೀರಿನ ನಡುವಿನ ಬಂಡೆಯ ಮೇಲೆ ದೊಪ್ಪನೆ ಬಂದು ಬಿದ್ದಳು. ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ ನೀರುನಾಯಿ ಮರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಅಲ್ಲಿಂದ ಗೋಣಿಮರ ಚೆನ್ನಾಗಿ ಕಾಣುತ್ತಿತ್ತು. ಕೊಂಬೆಯ ಮೇಲೆ ಅಕ್ಕ ಕೂತಿದ್ದೂ ಕಾಣುತ್ತಿತ್ತು. ಅಕ್ಕನಿಗೆ ಮಾತ್ರ ಇವಳು ಕಾಣಲಿಲ್ಲ. ಸುಸ್ತು ಕಳೆಯುವವರೆಗೆ ಕಾದಿದ್ದು, ತುಂಗಜ್ಜಿ ಬಂದ ದಾರಿಯಲ್ಲೇ ಮರಳಿದಳು. ತನ್ನ ಕೊಂಬೆಯಲ್ಲಿ ಕೂತು ಅತ್ತಳು.

ತಾರೆಮರದ ತುದಿಯಲ್ಲಿ ಚೆಲುವಿ ಎಂಬ ಕೆಂದಳಿಲು ವಾಸವಾಗಿತ್ತು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ಅದರ ಚಾಳಿ.

"ಇದಕ್ಯಾಕೆ ಅಳ್ತೀರಿ ತುಂಗಜ್ಜಿ? ಹದಿನೈದೇ ದಿನದ ಕೆಲಸ. ನಿಮ್ಮವರ ಪದ್ಧತಿ ಇದೆಯಲ್ಲ, ಪೊಟರೆಯೊಳಗೆ ಹೋಗಿ ಬಾಗಿಲು ಮೆತ್ತಿಕೊಳ್ಳಿ. ಈ ಸಲ ಗಂಡ ಏನೂ ತರಬಾರದು, ಅಷ್ಟೇ. ಹೊರಗೆ ಬರುವಾಗ ಮದುವೆ ಹುಡುಗಿ ಹಾಗೆ ಬರ್ತೀರಿ!"

ತುಂಗಜ್ಜಿಗೆ ಅದು ಹಿಡಿಸಿತು. ಅದೇ ದಿನ ಪೊಟರೆ ಹೊಕ್ಕು ಮಣ್ಣು ಮೆತ್ತಿದಳು. "ನೋಡ್ರೀ, ಹದಿನೈದು ದಿನ ಈ ಕಡೆ ತಲೆ ಹಾಕಬೇಡಿ," ಎಂದು ಗಂಡನಿಗೆ ಕಟ್ಟುನಿಟ್ಟಾಗಿ ಹೇಳಿದಳು.

ವರದಜ್ಜ ಎರಡು ದಿನ ತಡೆದುಕೊಂಡ. ಮೂರನೆಯ ದಿನ ಸಂದಿಯಲ್ಲಿ ಒಂದು ಹಣ್ಣು ಮೆಲ್ಲಗೆ ಇಣುಕಿತು.

"ತುಂಗಾ, ಇದು ಚಿಕ್ಕದು ಕಣೇ."

"ತಗೊಂಡು ಹೋಗ್ರೀ ಅತ್ಲಾಗೆ!"

ಅವಳು ಹಾಗೆ ಬೈದದ್ದು ಅದೇ ಮೊದಲು. ವರದಜ್ಜ ಆ ಹಣ್ಣನ್ನು ತಾನೂ ತಿನ್ನದೆ, ಎಸೆಯಲೂ ಮನಸ್ಸಾಗದೆ, ಸಾಯಂಕಾಲದವರೆಗೆ ಕೊಕ್ಕಿನಲ್ಲೇ ಹಿಡಿದುಕೊಂಡು ಕೂತಿದ್ದ.

ಹತ್ತನೆಯ ದಿನ ಒಳಗಿನಿಂದ ಬಾಗಿಲು ಒಡೆಯಿತು. ತುಂಗಜ್ಜಿ ತೆಳ್ಳಗಾಗಿದ್ದಳು, ನಿಜ. ಆದರೆ ಕೊಂಬೆಗೆ ಬಂದು ರೆಕ್ಕೆ ಬಿಚ್ಚಿದ್ದೇ ತಡ, ತಲೆ ಸುತ್ತಿ ಕೆಳಗಿನ ಪೊದೆಗೆ ಬಿದ್ದಳು. ಹತ್ತು ದಿನ ತಿನ್ನದ ಮೈಯಲ್ಲಿ ಕಸುವಿರಲಿಲ್ಲ, ಹತ್ತು ದಿನ ಬಿಚ್ಚದ ರೆಕ್ಕೆ ಮರಗಟ್ಟಿತ್ತು. ಮಕ್ಕಳು ಮೊಮ್ಮಕ್ಕಳೆಲ್ಲ ಓಡಿ ಬಂದರು. ಅಯ್ಯೋ ಪಾಪ ಎಂದು ಒಬ್ಬೊಬ್ಬರು ಒಂದೊಂದು ಹಣ್ಣು ತಂದರು. ಎಲ್ಲರಿಗಿಂತ ಹೆಚ್ಚು ತಂದವನು ವರದಜ್ಜನೇ. ಹಸಿದ ತುಂಗಜ್ಜಿ ಸಿಕ್ಕಿದ್ದನ್ನೆಲ್ಲ ನುಂಗಿದಳು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಮೊದಲಿದ್ದದ್ದಕ್ಕಿಂತ ದಪ್ಪಗಾದಳು.

"ನಾನು ಹದಿನೈದು ದಿನ ಅಂದಿದ್ದೆ, ನೀವು ಹತ್ತಕ್ಕೇ ಬಂದ್ರಿ," ಎಂದು ಚೆಲುವಿ ಮೂಗು ಮುರಿದು ತನ್ನ ಕೊಂಬೆಗೆ ಹೋಯಿತು.

ಗೋಣಿಮರದ ಹಣ್ಣು ಮುಗಿಯಿತು. ಹಸಿರು ಪಾರಿವಾಳ ಮತ್ತೆ ಬಂತು. "ತುಂಗಿಗೆ ತೊಂದರೆ ಕೊಡಬೇಡಿ, ಅವಳಿಗೆ ನನ್ನ ನೆನಪಿದ್ದರೆ ಸಾಕು ಅಂದ್ರು ಭದ್ರಜ್ಜಿ," ಎಂದು ಹೇಳಿ ಹೋಯಿತು.

ಆ ಮಾತು ತುಂಗಜ್ಜಿಯ ಎದೆಗೆ ನಾಟಿತು. ಅಕ್ಕ ಸಿಟ್ಟು ಮಾಡಿಕೊಂಡಿದ್ದರೂ ಸಹಿಸಬಹುದಿತ್ತು. ಆದರೆ ಅಕ್ಕ ಕಾಯುವುದನ್ನೇ ಬಿಟ್ಟಿದ್ದಳು. ಅಷ್ಟರಲ್ಲಿ ವರದಜ್ಜ ಗಂಟಲು ಉಬ್ಬಿಸಿಕೊಂಡು ಬಂದು ಪಕ್ಕದಲ್ಲಿ ಕೂತ.

"ಬಾಯಿ ತೆಗಿ ತುಂಗಾ."

"ನಿಮ್ಮಿಂದಲೇ ಇಷ್ಟೆಲ್ಲ ಆಗಿದ್ದು! ತರೋದು ನಿಲ್ಲಿಸಿ ಅಂತ ಎಷ್ಟು ಸಲ ಹೇಳ್ಲಿ?"

ವರದಜ್ಜ ತಲೆ ತಗ್ಗಿಸಿದ. "ತರೋದು ಬಿಟ್ರೆ ನಾನೇನು ಮಾಡ್ಲಿ ಹೇಳು? ನನಗೆ ಹಾಡೋಕೆ ಬರಲ್ಲ. ಚೆಂದದ ಮಾತು ಬರಲ್ಲ. ನಿನ್ನ ಮೇಲೆ ಇರೋ ಪ್ರೀತೀನ ನಾನು ಇಷ್ಟು ವರ್ಷ ಹೀಗೇ ಹೇಳಿದ್ದು."

ತುಂಗಜ್ಜಿಯ ಸಿಟ್ಟೆಲ್ಲ ಇಳಿದುಹೋಯಿತು. ಎದುರಿನ ಮರದಲ್ಲಿ ಮಗಳು ತನ್ನ ಮರಿಗೆ ಹಾರುವುದನ್ನು ಕಲಿಸುತ್ತಿದ್ದಳು. ಮರಿ ಹೆದರಿ ಕೊಂಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ನಮ್ಮ ದೊಡ್ಡವನೂ ಹೀಗೇ ಅಲ್ವೇನ್ರೀ?" ಎಂದಳು ತುಂಗಜ್ಜಿ. "ಪೊಟರೆಯೊಳಗೆ ತಿಂದು ತಿಂದು ಗುಂಡಗಾಗಿದ್ದ. ಹಾರೋದಿಲ್ಲ ಅಂತ ಹಟ."

ವರದಜ್ಜನ ಮುಖ ಅರಳಿತು. "ಮರೆಯೋಕಾಗುತ್ತಾ? ಹಣ್ಣು ಹಿಡಿದುಕೊಂಡು ನಾನು ಪಕ್ಕದ ಕೊಂಬೇಲಿ ಕೂತಿರ್ತಿದ್ದೆ. ಅವನು ಒಂದು ಗಂಟೆ ಅತ್ತು, ಆಮೇಲೆ ಬರ್ತಿದ್ದ. ನಾಲ್ಕು ದಿನ ಬಿಟ್ಟು ಅದರಾಚೆ ಕೊಂಬೆ. ಆಮೇಲೆ ಪಕ್ಕದ ಮರ. ಅವನು ಹೊಳೆ ದಾಟಿದ ದಿನ ನೀನು ಅತ್ತುಬಿಟ್ಟೆ."

"ನೀವೂ ಅತ್ತಿದ್ರಿ."

"ನನ್ನ ಕಣ್ಣಿಗೆ ಹುಳ ಬಿದ್ದಿತ್ತು."

ಇಬ್ಬರೂ ನಕ್ಕರು. ನಗುತ್ತಿದ್ದ ತುಂಗಜ್ಜಿ ತಟ್ಟನೆ ನಿಲ್ಲಿಸಿದಳು. "ರೀ, ಹಣ್ಣು ತನ್ನಿ. ತರೋದು ಬಿಡಬೇಡಿ. ಆದರೆ ಗಂಟಲ ತುಂಬ ಬೇಡ, ಅರ್ಧ ಸಾಕು. ಮತ್ತೆ ನನ್ನ ಹತ್ತಿರ ಬರಬೇಡಿ. ಆ ಪಕ್ಕದ ಮರದಲ್ಲಿ ಕೂತಿರಿ. ನಾನೇ ಬರ್ತೀನಿ."

ಹಾಗೆ ಶುರುವಾಯಿತು. ಮೊದಲು ಪಕ್ಕದ ಹಲಸಿನ ಮರ. ಅಷ್ಟು ದೂರಕ್ಕೇ ತುಂಗಜ್ಜಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹತ್ತು ದಿನ ಅಲ್ಲಿಗೇ ಹೋಗಿ ಅಲ್ಲಿಂದಲೇ ಬಂದಳು. ಉಸಿರು ಹಿಡಿತಕ್ಕೆ ಬಂದ ಮೇಲೆ ವರದಜ್ಜ ಒಂದು ಮರ ಮುಂದೆ ಹೋಗಿ ಕೂತ. ಕೆಲವು ದಿನ ಅವಳಿಗೆ ಹಸಿವು ತಡೆಯುತ್ತಿರಲಿಲ್ಲ. ಆಗ ಒಂದು ಹಣ್ಣನ್ನು ಗುಟುಕ್ಕನೆ ನುಂಗದೆ, ಕೊಕ್ಕಿನ ತುದಿಯಲ್ಲಿ ಹೊರಳಿಸುತ್ತ, ಬಾಲ್ಯದ ಮಾತಾಡುತ್ತ, ಬಹಳ ಹೊತ್ತು ತಿನ್ನುತ್ತಿದ್ದಳು. ಬಸರಿ ಹಣ್ಣಿಗೆ ಇಷ್ಟು ರುಚಿಯಿದೆ ಎಂದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲ.

"ಹೀಗೆ ಹೋದರೆ ಹೊಳೆ ದಾಟೋದು ಯಾವ ಕಾಲಕ್ಕೆ?" ಎಂದು ಚೆಲುವಿ ಮೇಲಿನಿಂದ ಕೂಗುತ್ತಿತ್ತು. ತುಂಗಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಳೆಗಾಲ ಬಂತು. ಒಂದೇ ಸಮನೆ ಸುರಿದ ಮಳೆಗೆ ತುಂಗಜ್ಜಿ ಕೂತಲ್ಲಿಂದ ಏಳಲಿಲ್ಲ. ಮೊಮ್ಮಕ್ಕಳು ತಂದದ್ದನ್ನೆಲ್ಲ ತಿಂದಳು. ಮಳೆ ಬಿಟ್ಟ ದಿನ ಹಾರಿ ನೋಡಿದರೆ, ಮೊದಲು ಮುಟ್ಟುತ್ತಿದ್ದ ಮರಕ್ಕೆ ಇನ್ನೂ ಎರಡು ಮರ ಇರುವಾಗಲೇ ಕೂತುಬಿಟ್ಟಳು. ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದು ಅಳು ಬಂತು. ವರದಜ್ಜ ಬೈಯಲಿಲ್ಲ. ಎರಡು ಮರ ಹಿಂದಕ್ಕೆ ಬಂದು, ಅವಳ ಹತ್ತಿರದ ಕೊಂಬೆಯಲ್ಲಿ ಹಣ್ಣು ಹಿಡಿದು ಕೂತ.

"ಇವತ್ತು ಇಲ್ಲಿಂದ ಕಣೇ," ಎಂದ.

ಚಳಿಗಾಲ ಕಳೆಯಿತು. ಮರದಿಂದ ಮರಕ್ಕೆ ಇಬ್ಬರೂ ಹೊಳೆಯ ದಡಕ್ಕೆ ಬಂದಿದ್ದರು. ಕೊಂಬೆಗಳು ಅವಳ ಭಾರಕ್ಕೆ ಮೊದಲಿನಷ್ಟು ಬಾಗುತ್ತಿರಲಿಲ್ಲ. ಅವಳು ಹುಡುಗಿಯಂತೇನೂ ಆಗಿರಲಿಲ್ಲ, ಹೊಟ್ಟೆ ಸ್ವಲ್ಪ ಇದ್ದೇ ಇತ್ತು. ಆದರೆ ಉಸಿರು ಅವಳ ಮಾತು ಕೇಳುತ್ತಿತ್ತು. ಮತ್ತೆ ಬೇಸಿಗೆ ಬಂದು ಗೋಣಿಮರ ಹಣ್ಣಾದಾಗ, ಒಂದು ಬೆಳಿಗ್ಗೆ ಅವಳು ಗಂಡನ ಮುಖ ನೋಡಿದಳು. ಅವನು ಆಚೆ ದಡಕ್ಕೆ ಹೋಗಿ ಕೂತ.

ತುಂಗಜ್ಜಿ ಹಾರಿದಳು. ಕೆಳಗೆ ಹೊಳೆ ಫಳಫಳ ಹೊಳೆಯುತ್ತಿತ್ತು. ನಡುಹೊಳೆಯಲ್ಲಿ ಚಿಕ್ಕಂದಿನ ಅಕ್ಕ ಪಕ್ಕದಲ್ಲೇ ಹಾರುತ್ತಿದ್ದಾಳೆ ಅನ್ನಿಸಿತು. ಆ ಬೆಳಗುಗಳು ಇನ್ನು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ರೆಕ್ಕೆ ನಿಲ್ಲಿಸಲಿಲ್ಲ.

ಗೋಣಿಮರದ ಕೊಂಬೆಯಲ್ಲಿ ಭದ್ರಜ್ಜಿ ಮುದುಡಿಕೊಂಡು ಕೂತಿದ್ದಳು.

"ಯಾರು?"

"ನಾನು ಅಕ್ಕ. ತುಂಗಿ."

ಭದ್ರಜ್ಜಿ ಮುಂದಕ್ಕೆ ಬಾಗಿ, ತಂಗಿಯ ಕೊಕ್ಕನ್ನು ತನ್ನ ಕೊಕ್ಕಿನಿಂದ ತಡವಿ ತಡವಿ ನೋಡಿದಳು. ಆಮೇಲೆ ಒಂದೇ ಸಮನೆ ಸಡಗರ ಶುರುವಾಯಿತು. ಮೊಮ್ಮಕ್ಕಳನ್ನು ಕೂಗಿದಳು. "ತುದಿಯ ಕೊಂಬೆ ಹಣ್ಣು ತನ್ರೋ! ತುಂಗಿ ಬಂದಿದ್ದಾಳೆ, ಇನ್ನು ಯಾವಾಗ ಬರ್ತಾಳೋ ಏನೋ, ಹೊಟ್ಟೆ ತುಂಬ ತಿನ್ನಲಿ!" ಹಣ್ಣು ರಾಶಿ ಬಿತ್ತು. ಹುಟ್ಟಿದ ಮರದ ಹಣ್ಣು, ಅಕ್ಕನ ಕೈಯ ಉಪಚಾರ. ತುಂಗಜ್ಜಿಯ ಬಾಯಲ್ಲಿ ನೀರೂರಿತು. ವರದಜ್ಜ ಪಕ್ಕದ ಕೊಂಬೆಯಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದ.

ತುಂಗಜ್ಜಿ ರಾಶಿಯಲ್ಲಿ ಒಂದು ಹಣ್ಣು ಆರಿಸಿಕೊಂಡಳು. ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ತಿಂದಳು.

"ಇವತ್ತಿಗೆ ಇದು ಸಾಕು ಅಕ್ಕ. ಇನ್ನೊಂದಕ್ಕೆ ನಾಳೆ ಬರ್ತೀನಿ."

ಭದ್ರಜ್ಜಿ ತಂಗಿಯ ಕಡೆಗೆ ಕತ್ತು ಚಾಚಿದಳು.

"ನಾಳೇನೂ ಬರ್ತೀಯೇನೇ?"

"ನಾಳೇನೂ ಬರ್ತೀನಿ. ನಾಳಿದ್ದೂ ಬರ್ತೀನಿ. ದಿನಾ ಬರ್ತೀನಿ."

ಬಂದಳು ಕೂಡ. ಭದ್ರಜ್ಜಿ ಬದುಕಿದ್ದ ಅಷ್ಟು ವರ್ಷವೂ, ಜಡಿಮಳೆಯ ದಿನಗಳನ್ನು ಬಿಟ್ಟರೆ, ತುಂಗಜ್ಜಿ ದಿನಕ್ಕೊಮ್ಮೆ ಹೊಳೆ ದಾಟಿ ಬಂದು ಅಕ್ಕನ ಪಕ್ಕದಲ್ಲಿ ಕೂತು ಒಂದೇ ಒಂದು ಹಣ್ಣು ತಿಂದಳು.

ನೀತಿ: ವರ್ಷಗಟ್ಟಲೆ ಏರಿದ ಮೈಭಾರ ಹದಿನೈದು ದಿನದ ಹಟಕ್ಕೆ ಇಳಿಯುವುದಿಲ್ಲ, ದಿನವೂ ಸ್ವಲ್ಪ ಸ್ವಲ್ಪವೇ ಇಳಿಸಿದವರು, ಇಳಿದ ಮೇಲೂ ಆ ಅಭ್ಯಾಸವನ್ನು ಬಿಡದವರು, ಮುಪ್ಪಿನಲ್ಲೂ ತಮ್ಮವರ ಬಳಿಗೆ ಹೋಗಿ ಬರಬಲ್ಲರು.