ಹಗೇವಿನೊಳಗಿನ ದೆವ್ವ

"ಗುರುಗಳೇ, ಓದಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ಓದದವರ ತಲೆಗೆ ಅದು ಹೋಗುವುದಿಲ್ಲ. ಅವರು ನಂಬುವಂಥ ಒಂದು ಸುಳ್ಳು ಹೇಳಿ ದಾರಿಗೆ ತಂದರೆ ತಪ್ಪೇ?"

ಕೇಳಿದವನು ಶಿಷ್ಯ ಮರುಳಯ್ಯ. ಮರುದಿನ ಅವನು ಮೊದಲ ಸಲ ಹಳ್ಳಿಯವರಿಗೆ ಪಾಠ ಹೇಳಲು ಹೊರಟಿದ್ದ.

"ಒಳ್ಳೆಯದನ್ನೇ ಕೇಳಿದೆಯಪ್ಪಾ. ನಿನ್ನಂಥವನೇ ಒಬ್ಬ ಪಂಡಿತನಿದ್ದ" ಎಂದು ಗುರುಗಳು ಕತೆ ಶುರು ಮಾಡಿದರು.

ಆ ಪಂಡಿತ ಗಾಳಿಯ ಗುಣ ಬಲ್ಲವನು. ಅವನ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಅಂದರೆ ನೆಲದೊಳಗೆ ಆಳವಾಗಿ ತೋಡಿದ ಕಣಜ. ತುಂಬಿಸಿ, ಬಾಯಿಗೆ ಕಲ್ಲು ಹಾಕಿ, ಮಣ್ಣು ಮೆತ್ತಿಬಿಡುವುದು. ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನ ತಳದಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಇಳಿದವನು ಕೂಗುವುದಕ್ಕೂ ಪುರುಸೊತ್ತಿಲ್ಲದೆ ಸಾಯುತ್ತಾನೆ.

ಒಂದು ದಿನ ಒಬ್ಬ ಮುದುಕಿ ಬಂದು ಪಂಡಿತನ ಕಾಲಿಗೆ ಬಿದ್ದಳು. "ಅಯ್ಯಾ, ಹಗೇವಿಗಿಳಿದ ಹಿರಿಮಗ ಹೆಣವಾಗಿ ಮೇಲೆ ಬಂದ. ಮೈಮೇಲೆ ಒಂದು ಗಾಯವಿಲ್ಲ. ಇನ್ನುಳಿದವನು ಕಿರಿಮಗ ಒಬ್ಬನೇ. ಅವನನ್ನಾದರೂ ಉಳಿಸಿಕೊಡಿ."

ಪಂಡಿತ ವಾಯುವಿನ ಭಾರ, ವಾಯುವಿನ ಗತಿ ಎಂದು ಶ್ಲೋಕ ಸಮೇತ ಹೇಳತೊಡಗಿದ. ಮುದುಕಿ ಪಿಳಿಪಿಳಿ ಕಣ್ಣು ಬಿಟ್ಟಳು. ಅವನಿಗೋ ಊಟದ ಹೊತ್ತಾಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ ಎಂದುಕೊಂಡ. "ನೋಡವ್ವಾ, ಒಳಗೊಂದು ದೆವ್ವ ಇದೆ. ಮೊದಲು ದೀಪ ಇಳಿಬಿಡಿ. ಅದು ದೀಪ ನುಂಗಿದರೆ ಯಾರೂ ಇಳಿಯಬೇಡಿ" ಎಂದ. ಮುದುಕಿಗೆ ಥಟ್ಟನೆ ತಿಳಿಯಿತು. ಪಂಡಿತ ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ ಊಟಕ್ಕೆ ಎದ್ದ.

ಎರಡು ವರ್ಷ ಯಾರೂ ಸಾಯಲಿಲ್ಲ. ಮೂರನೆಯ ವರ್ಷ ಮುದುಕಿಯ ಮನೆಗೆ ಬೀಗರು ಬಂದರು. ಮನೆಯಲ್ಲಿ ಜೋಳ ಮುಗಿದಿತ್ತು. ಹಗೇವು ತೆರೆದು ದೀಪ ಇಳಿಬಿಟ್ಟರು. ಆರಿತು. ಮತ್ತೆ ಹಚ್ಚಿ ಬಿಟ್ಟರು. ಮತ್ತೆ ಆರಿತು. ಊದಿದವರು ಯಾರೂ ಇಲ್ಲ. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು.

ಗಾಳಿ ಕೆಟ್ಟಿದೆಯೆಂದು ಗೊತ್ತಿದ್ದವರು ಕಾಯುತ್ತಾರೆ. ದೆವ್ವವಿದೆ ಎಂದುಕೊಂಡವರು ಕಾಯುವುದೇಕೆ? ಅದಕ್ಕೆ ಉಣ್ಣಲಿಟ್ಟರಾಯಿತು! ಕೋಳಿ ಕೊಯ್ದು ಒಳಗೆ ಹಾಕಿದರು. ದೆವ್ವ ತಣಿಯಿತೆಂದು ಕಿರಿಮಗ ಹಗ್ಗ ಹಿಡಿದು ಇಳಿದ. ಬಿಗಿದಿದ್ದ ಹಗ್ಗ ಸಡಿಲವಾಯಿತು. ಮುದುಕಿ ಬಾಗಿ ಅವನ ಹೆಸರು ಕೂಗಿದಳು. ಒಳಗಿನಿಂದ ಅದೇ ಹೆಸರು ಅವಳದೇ ದನಿಯಲ್ಲಿ ತಿರುಗಿ ಬಂತು.

ಮೂರನೆಯ ದಿನ ಅವಳು ಪಂಡಿತನ ಬಾಗಿಲಿಗೆ ಬಂದಳು. ಕಣ್ಣಲ್ಲಿ ನೀರಿರಲಿಲ್ಲ. ಕೈಮುಗಿದು, "ಅಯ್ಯಾ, ನೀವು ಹೇಳಿದ್ದು ನಿಜ. ಅದಕ್ಕೆ ಕೋಳಿ ಸಾಲಲಿಲ್ಲ. ಮತ್ತೇನು ಬೇಕಂತೆ? ಕೇಳಿ ಹೇಳಿ. ಊರಲ್ಲಿ ಇನ್ನೂ ಮಕ್ಕಳಿದ್ದಾರೆ" ಎಂದಳು.

"ದೆವ್ವ ಇಲ್ಲವವ್ವಾ" ಎಂದು ಪಂಡಿತ ಅತ್ತುಬಿಟ್ಟ. "ಕೆಂಡದ ಮೇಲೆ ಗಡಿಗೆ ಬೋರಲು ಹಾಕಿದರೆ ಉಸಿರು ಕಟ್ಟಿ ಆರುತ್ತದಲ್ಲ, ಹಗೇವಿನೊಳಗೆ ಮನುಷ್ಯನೂ ಹಾಗೆಯೇ. ಇಳಿಬಿಟ್ಟ ದೀಪ ಆರದೆ ಉರಿಯುವವರೆಗೆ ಅದರ ಬಾಯಿ ತೆರೆದಿಟ್ಟು ಕಾಯಬೇಕಿತ್ತು."

"ಇಷ್ಟೇನಾ?" ಎಂದಳು ಮುದುಕಿ. "ದಿನಾ ಹಾಗೇ ಇದ್ದಿಲು ಮಾಡುವವಳು ನಾನು. ಅವತ್ತೇ ಹೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ?"

ಆ ಹಗೇವನ್ನು ಶಾಶ್ವತವಾಗಿ ಮುಚ್ಚಿದರು. ಒಂದು ಹಗಲು ಪಂಡಿತ ಆ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ಹಗೇವಿನ ಬಾಯಿಯ ಕಲ್ಲನ್ನು ಒಳಗಿನಿಂದ ಯಾರೋ ತಟ್ಟಿದರು. ಗಾಳಿಯ ಗುಣವನ್ನೆಲ್ಲ ಬಲ್ಲ ಪಂಡಿತ ಹಿಂದಿರುಗಿ ನೋಡದೆ ಓಟ ಕಿತ್ತ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮರುಳಯ್ಯ, "ಹಾಗಾದರೆ ಅದರಲ್ಲಿ ನಿಜವಾಗಿಯೂ ದೆವ್ವ ಇತ್ತೇ?" ಎಂದು ಕೇಳಿದ.

"ಪಂಡಿತ ಹೇಳುವವರೆಗೆ ಇರಲಿಲ್ಲ."