ಆದೇಶ ಬರೆಯುವ ಪಾಠ

ಒಮ್ಮೆ ಪಟ್ಟಣ ಪಂಚಾಯಿತಿಗೆ ನಾಯಕತ್ವ ಶಿಬಿರದ ಮಕ್ಕಳು ಬಂದರು. ಅಧ್ಯಕ್ಷ ಚನ್ನವೀರಪ್ಪನವರು ಮೊದಲೇ ಗುಡುಗಿದರು: "ಯಾರೂ ಪ್ರಶ್ನಿ ಕೇಳಬಾರ್ದು. ಆಡಳಿತ ಹೆಂಗ ನಡೀತದ ಅಂತ ನೋಡಿ ಕಲೀರಿ, ಅಷ್ಟ!"

ಹತ್ತನೇ ತರಗತಿಯ ಸಾವಕ್ಕನ ಮುಖ ಬಾಡಿತು. ಹಾಸ್ಟೆಲ್ ದಾರಿಗೆ ಬೀದಿದೀಪ ಯಾವಾಗ ಹಾಕಿಸುತ್ತೀರಿ ಎಂದು ಕೇಳಲೆಂದೇ ಅವಳು ಬಂದಿದ್ದಳು. ಕತ್ತಲಾದರೆ ಹುಡುಗಿಯರಿಗೆ ಅಲ್ಲಿ ನಡೆಯಲು ಭಯ. ಎರಡು ಅರ್ಜಿ ಕೊಟ್ಟರೂ ಉತ್ತರವಿರಲಿಲ್ಲ.

ಅವಳು ಎದ್ದು ಕೈಮುಗಿದಳು. "ಪ್ರಶ್ನಿ ಅಲ್ರೀ ಸರ್. ಅರ್ಜಿ ಮ್ಯಾಲೆ ಆದೇಶ ಬರಿಯೋದನ್ನ ನಿಮ್ಮಿಂದನ ಕಲೀಬೇಕ್ರಿ," ಎಂದು ಮೂರನೇ ಅರ್ಜಿಯನ್ನು ಮುಂದಿಟ್ಟಳು.

ಅಧ್ಯಕ್ಷರು ಉಬ್ಬಿಹೋದರು. ಓದುವ ಗೋಜಿಗೇ ಹೋಗದೆ 'ಕೂಡಲೇ ಮಾಡಿಕೊಡಿ' ಎಂದು ದಪ್ಪಕ್ಷರದಲ್ಲಿ ಬರೆದು, ಸಹಿ ಹಾಕಿ, ಮೊಹರನ್ನೂ ಒತ್ತಿದರು.

"ಮುಂದಿಂದೂ ಕಲಿಸ್ರಿ ಸರ್."

"ಗುಮಾಸ್ತನ ಕೈಗೆ ಕೊಡಬೇಕು. ಅಂವ ನಂಬರ್ ಹಾಕ್ತಾನ."

ಸಾವಕ್ಕ ಹಾಗೇ ಮಾಡಿದಳು. ಗುಮಾಸ್ತ ನಂಬರ್ ಹಾಕಿ ಗಟ್ಟಿಯಾಗಿ ಓದಿದ: "ಹಾಸ್ಟೆಲ್ ದಾರಿಗೆ ಆರು ದೀಪ!"

ಅಧ್ಯಕ್ಷರು ಬೆಚ್ಚಿ ಅರ್ಜಿಯತ್ತ ಕೈ ಚಾಚುವಷ್ಟರಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು, ಶಿಬಿರದ ಸುದ್ದಿಗೆಂದು ಬಂದಿದ್ದ ಪತ್ರಿಕೆಯವನು ಫೋಟೊ ಹೊಡೆದ. ಇನ್ನು ಹಿಂದೆ ಸರಿಯುವುದು ಹೇಗೆ? ಅವರು ಮೀಸೆ ನೀವಿಕೊಂಡು ಅಂದರು:

"ನೋಡಿದ್ರೇನು? ನಂದು ಬರೇ ಬಾಯಿಮಾತಿನ ಪಾಠ ಅಲ್ಲ!"

ಎಂಟೇ ದಿನದಲ್ಲಿ ಆರೂ ದೀಪ ಹತ್ತಿದವು.